ಸಿಗ್ನಲ್ ಕೆಟ್ಟ ಶುಕ್ರವಾರ, ನಾನೂರು ಭರಣಿ

ನಾನೂರು ಹಿತ್ತಾಳೆ ಕುಂಕುಮ ಭರಣಿ, ಮುಚ್ಚಳದ ಮೇಲೆ ಒಂದೊಂದು ಪುಟ್ಟ ನವಿಲು. ಒಂದಕ್ಕೆ ಇನ್ನೂರ ಅರವತ್ತು ಅಂತ ಶುರು ಮಾಡೋದು, ಎಳೆದಾಡಿ ಇನ್ನೂರ ಮೂವತ್ತಕ್ಕೆ ನಿಲ್ಲೋದು. ಇದು ನನ್ನ ಲೆಕ್ಕಾಚಾರ.

ಗಿರಾಕಿ ಜಯನಗರದ ಒಬ್ಬ ಮೇಡಂ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಯಜಮಾನರಿಗೆ ಎಪ್ಪತ್ತು ತುಂಬುತ್ತೆ, ಮನೆಯಲ್ಲಿ ಭೀಮರಥ ಶಾಂತಿ, ಬಂದವರಿಗೆಲ್ಲ ಒಂದೊಂದು ಭರಣಿ ಕೊಡಬೇಕು. ಅವರ ಪಕ್ಕದ ಮನೆಯವರು ನನ್ನ ಹಳೇ ಗಿರಾಕಿ, ನಂಬರ್ ಕೊಟ್ಟಿದ್ದರು. ಮಾತೆಲ್ಲ ಫೋನಿನಲ್ಲೇ ಆಗಿತ್ತು. ಅವರ ಮುಖ ನಾನು ನೋಡಿಲ್ಲ, ನನ್ನ ಮುಖ ಅವರು ನೋಡಿಲ್ಲ. ಶುಕ್ರವಾರ ಹತ್ತು ಗಂಟೆಗೆ ಸ್ಯಾಂಪಲ್ ತಗೊಂಡು ಮನೆಗೆ ಬನ್ನಿ, ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮಾತು ಮುಗೀಬೇಕು ಅಂದಿದ್ದರು. ಮುಗಿಯದಿದ್ದರೆ? ರಾಹುಕಾಲ ಕಳೆದು ಹನ್ನೆರಡಕ್ಕೆ ಮಾರ್ಕೆಟ್ ಕಡೆಯ ಇನ್ನೊಬ್ಬ ವ್ಯಾಪಾರಿ ಬರ್ತಾರೆ. "ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ," ಅಂತ ಮೆತ್ತಗೆ ಹೇಳಿ ಫೋನ್ ಇಟ್ಟಿದ್ದರು. ಮೆತ್ತಗೆ ಮಾತಾಡೋ ಗಿರಾಕಿ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ಭಯ.

ಬನಶಂಕರಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಪಾತ್ರೆ ಅಂಗಡಿ ನಡೆಸ್ತಿದೀನಿ. ದೊಡ್ಡ ವ್ಯಾಪಾರ ಇರುವ ದಿನವೇ ಏನಾದರೊಂದು ಎಡವಟ್ಟು ಆಗೋದು ನನಗೆ ರೂಢಿಯಾಗಿಹೋಗಿದೆ. ಒಮ್ಮೆ ಮದುವೆಮನೆಗೆ ಇಡ್ಲಿ ಪಾತ್ರೆ ಕಳಿಸುವ ದಿನ ಅಂಗಡಿಯ ಶಟರ್ ಮಂಡಿ ಎತ್ತರಕ್ಕೆ ಬಂದು ಸಿಕ್ಕಿಕೊಂಡಿತು. ಪಾತ್ರೆಗಳನ್ನೆಲ್ಲ ಮಲಗಿಸಿ, ನಾವೂ ಮಲಗಿ, ಹೊರಗೆ ತಳ್ಳಿದೆವು. ಹಾಗೇ ಒಂದಲ್ಲ ಒಂದು. ಈ ಸಲ ಸರದಿ ರೈಲಿನದು.

ಎರಡು ನಿಮಿಷ

ನನ್ನ ಮನೆ ಸುಬ್ರಹ್ಮಣ್ಯಪುರದ ಕಡೆ. ಜಯನಗರದಲ್ಲಿ ಕಾರು ನಿಲ್ಲಿಸೋಕೆ ಜಾಗ ಹುಡುಕೋದಕ್ಕಿಂತ ಜಾಗ ಕೊಂಡುಕೊಳ್ಳೋದು ಸುಲಭ. ಹಾಗಾಗಿ ಮೂರು ಸ್ಯಾಂಪಲ್ ಭರಣಿ ಬಟ್ಟೆ ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದೆ. ಸೀಟೂ ಸಿಕ್ಕಿತು. ಬನಶಂಕರಿ ಸ್ಟೇಷನ್ನಿನಲ್ಲಿ ಒಂದಷ್ಟು ಜನ ಹತ್ತಿದರು. ಬಾಗಿಲು ಮುಚ್ಚಿತು, ರೈಲು ಹೊರಟಿತು, ಇನ್ನೂರು ಮಾರು ಹೋಗಿ ನಿಂತಿತು.

ಒಂಬತ್ತು ಮೂವತ್ತೈದು. ಸಿಗ್ನಲ್‌ನಲ್ಲಿ ತಾಂತ್ರಿಕ ದೋಷ, ಸಹಕರಿಸಿ ಅಂತ ಧ್ವನಿ ಬಂತು. ಕತ್ತು ತಿರುಗಿಸಿ ನೋಡಿದರೆ ನನ್ನ ಅಂಗಡಿಯ ರಸ್ತೆಯ ತಿರುವು ಕಾಣಿಸುತ್ತಿತ್ತು. ಮುಂದೆ ನೋಡಿದರೆ ಜಯನಗರದ ಮರಗಳು. ನಡೆದುಕೊಂಡು ಹೋಗಿದ್ದರೂ ಅಷ್ಟು ಹೊತ್ತಿಗೆ ಅರ್ಧ ದಾರಿ ಸವೆಸಿರುತ್ತಿದ್ದೆ. ಆದರೆ ರೈಲು ನಿಂತಿರೋದು ಮೂರು ಮಹಡಿ ಎತ್ತರದಲ್ಲಿ.

ನಮ್ಮ ಬೋಗಿಯಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಕಾಲಿಗೆ ವಾಕಿಂಗ್ ಶೂ, ಕೈಯಲ್ಲಿ ಮಡಿಸಿದ ಪೇಪರ್, ನಿವೃತ್ತರು ಅಂತ ನೋಡಿದರೇ ಗೊತ್ತಾಗುವ ನೆಮ್ಮದಿ. ಅವರು ವಿವರಿಸೋಕೆ ಶುರು ಮಾಡಿದರು. ಮುಂದಿನ ರೈಲು ಎಲ್ಲಿದೆ ಅಂತ ಹಿಂದಿನ ರೈಲಿಗೆ ಗೊತ್ತಾಗಬೇಕು, ಹಳಿಯ ಮೇಲೆ ತುಂಡು ತುಂಡಾಗಿ ಭಾಗ ಮಾಡಿರ್ತಾರೆ, ಒಂದು ತುಂಡಿನಿಂದ ಸುದ್ದಿ ಬರದಿದ್ದರೆ ಇಡೀ ಸಾಲು ನಿಲ್ಲುತ್ತೆ, ಈಗ ಯಾರೋ ಒಬ್ಬ ಕೂತು ಒಂದು ಸ್ವಿಚ್ ಆಫ್ ಮಾಡಿ ಆನ್ ಮಾಡ್ತಾನೆ, ಎರಡು ನಿಮಿಷದ ಕೆಲಸ.

ಎರಡು ನಿಮಿಷ ಆಯಿತು. ಹಾಗಾದರೆ ಇದು ಸ್ವಿಚ್ಚಲ್ಲ, ಕೇಬಲ್ಲು ಅಂದರು. ಕೇಬಲ್ ಆದರೆ ಎರಡು ನಿಮಿಷ. ಅದೂ ಆಯಿತು. ಹಾಗಾದರೆ ಸಾಫ್ಟ್‌ವೇರ್. ಅದಕ್ಕೂ ಎರಡೇ ನಿಮಿಷ. ಹೀಗೆ ಒಂಬತ್ತು ಐವತ್ತಾಯಿತು. ಆದರೂ ಜನ ಅವರನ್ನು ಬಿಡಲಿಲ್ಲ. ಸುಮ್ಮನೆ ಸಿಕ್ಕಿಕೊಂಡು ಕೂರೋದಕ್ಕಿಂತ ಕಾರಣ ಗೊತ್ತಿದ್ದು ಸಿಕ್ಕಿಕೊಳ್ಳೋದು ಮೇಲು ಅಂತ ಅನಿಸುತ್ತೋ ಏನೋ.

ಕೊರಳಿಗೆ ಆಫೀಸಿನ ಪಟ್ಟಿ ಹಾಕಿಕೊಂಡಿದ್ದ ಒಬ್ಬ ಯುವಕ, ಮಾತು ಕೇಳಿದರೆ ಹುಬ್ಬಳ್ಳಿ ಕಡೆಯವನು, ಬಹಳ ಗೌರವದಿಂದ ಕೇಳಿದ.

"ಸರ, ನೀವು ರೈಲ್ವೆದಾಗಿದ್ರೇನ್ರಿ?"

"ಇಲ್ಲಪ್ಪ," ಅಂದರು ಹಿರಿಯರು. "ತೋಟಗಾರಿಕೆ. ಗುಲಾಬಿ ವಿಭಾಗ."

ಸಾಕ್ಷಿ

ಅದೇ ಯುವಕನ ಪಾಡು ನನಗಿಂತ ಕೆಟ್ಟದಾಗಿತ್ತು. ಬಿಟಿಎಂನಲ್ಲಿ ರೂಮು, ಹಿಂದಿನ ದಿನ ಕೋಣನಕುಂಟೆಯ ಗೆಳೆಯನ ಮನೆಯಲ್ಲಿ ಉಳಿದುಕೊಂಡು ಅಲ್ಲಿಂದಲೇ ಆಫೀಸಿಗೆ ಹೊರಟಿದ್ದ. ಹತ್ತಕ್ಕೆ ಏನೋ ಮೀಟಿಂಗು. ಮ್ಯಾನೇಜರಿಗೆ ಫೋನ್ ಮಾಡಿ ರೈಲು ನಿಂತಿದೆ ಅಂದರೆ ಆ ಕಡೆಯವರು ನಕ್ಕುಬಿಟ್ಟರು. ತಪ್ಪು ಅವರದ್ದಲ್ಲ. ಕಳೆದ ಒಂದು ತಿಂಗಳಲ್ಲಿ ಇವನು ಮೂರು ಸಲ ರೈಲು ನಿಲ್ಲಿಸಿದ್ದ, ಬರೀ ಬಾಯಲ್ಲೇ. ನಿಜವಾಗಿ ನಿಂತಿದ್ದು ಇದೇ ಮೊದಲು.

ವಿಡಿಯೋ ತೋರಿಸಿದ. ನಿಂತ ರೈಲಿಗೂ ಸ್ಟೇಷನ್ನಿನಲ್ಲಿ ನಿಂತ ರೈಲಿಗೂ ಒಳಗಿನಿಂದ ಏನು ವ್ಯತ್ಯಾಸ? ನಂಬಲಿಲ್ಲ. ಕಿಟಕಿಯಾಚೆ ತೋರಿಸಿದ. ಎದುರಿನ ತಾರಸಿಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಗಿಸ್ತಾ ಇದ್ದರು. ನೀನು ಮನೇಲೇ ಇದೀಯ, ನಿಮ್ಮ ಓನರ್ ಬಟ್ಟೆ ಹಾಕ್ತಿದಾರೆ ಅಂತ ಮ್ಯಾನೇಜರ್ ತೀರ್ಮಾನ ಮಾಡಿದರು. ಕೊನೆಗೆ, ಅಲ್ಲಿ ಯಾರಾದರೂ ದೊಡ್ಡವರಿದ್ದರೆ ಕೊಡು ಅಂದರು.

ಯುವಕ ಸುತ್ತ ನೋಡಿದ. ನನಗೆ ಕೊಡಬಹುದಿತ್ತು. ಮೂವತ್ತು ಸೆಕೆಂಡಿನಲ್ಲಿ ಮುಗಿಸುತ್ತಿದ್ದೆ. ಆದರೆ ಅವನು ಆರಿಸಿದ್ದು ಗುಲಾಬಿ ವಿಭಾಗವನ್ನು.

ಹಿರಿಯರು ಫೋನ್ ತಗೊಂಡು, ನೋಡಿ ಸಾರ್, ಮೊದಲು ಸಿಗ್ನಲ್ ಅಂದರೇನು ಅಂತ ಅರ್ಥ ಮಾಡ್ಕೋಬೇಕು ಅಂತ ಶುರು ಮಾಡಿದರು. ಹಳಿ, ತುಂಡು, ಸ್ವಿಚ್ಚು, ಕೇಬಲ್ಲು. ನಡುವೆ ಒಂದು ಸಲ ಗೊಬ್ಬರವೂ ಬಂದು ಹೋಯಿತು. ಐದು ನಿಮಿಷವಾದರೂ ಆ ಕಡೆಯಿಂದ ಹೂಂ ಅನ್ನೋ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಆಮೇಲೆ ಹೂಂ ಕೂಡ ನಿಂತಿತು. ಫೋನ್ ವಾಪಸ್ಸು ಯುವಕನ ಕೈಗೆ ಬಂದಾಗ ಎಲ್ಲರೂ ಕಿವಿಗೊಟ್ಟು ನಿಂತಿದ್ದೆವು. ಅವನು ಎರಡು ಸಲ ಥ್ಯಾಂಕ್ಸ್ ಸರ್ ಅಂದು ಇಟ್ಟ.

ಏನಂದರು ಅಂತ ಕೇಳಿದೆ.

"ಇವತ್ತು ರಜಾ ತಗೋ, ಬೇಕಂದ್ರ ನಾಳೆನೂ ತಗೋ ಅಂದ್ರು ಅಂಕಲ್. ಆ ಸರ ಕೈಯಾಗ ಮಾತ್ರ ಮತ್ತ ಫೋನ್ ಕೊಡಬ್ಯಾಡ ಅಂದ್ರು."

ಅಂಗಡಿಯಿಂದ ಫೋನು

ಇಷ್ಟರಲ್ಲಿ ನನ್ನ ಫೋನೂ ಹೊಡೆದುಕೊಂಡಿತು. ಅಂಗಡಿಯಲ್ಲಿದ್ದ ಭಾಮೈದ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಅಸಲು ಅಂದರೆ ನಾವು ಮಾಲು ಕೊಂಡ ಬೆಲೆ. ಅದನ್ನು ಮಾಲಿಗೆ ಅಂಟಿಸಿದ ಚೀಟಿಯ ಮೇಲೆ ಅಂಕಿಯಲ್ಲಿ ಬರೆಯೋದಿಲ್ಲ, ಅಕ್ಷರದಲ್ಲಿ ಬರೀತೀವಿ. ಯಾವ ಅಕ್ಷರಕ್ಕೆ ಯಾವ ಅಂಕಿ ಅನ್ನೋದು ಆಯಾ ಅಂಗಡಿಯ ಗುಟ್ಟು. ಗಿರಾಕಿ ಎದುರಿಗೇ ಚೀಟಿ ನೋಡಿ, ಎಷ್ಟರ ತನಕ ಇಳೀಬಹುದು ಅಂತ ಮನಸ್ಸಿನಲ್ಲೇ ತಿಳ್ಕೊಂಡು, ಮುಖದಲ್ಲಿ ಮಾತ್ರ ನಷ್ಟ ತೋರಿಸಬೇಕು. ನಮ್ಮಪ್ಪ ನನಗೆ ಈ ಅಕ್ಷರಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿದರು. ಭಾಮೈದನಿಗೆ ನಾನು ಹನ್ನೊಂದು ವರ್ಷದಿಂದ ಕಲಿಸ್ತಿದೀನಿ.

"ಬಾವ, ಒಬ್ಬರು ಕುಂಕುಮ ಭರಣಿ ಕೇಳ್ತಿದಾರೆ. ಚೀಟಿ ಮೇಲೆ ಕ, ಮ, ತ ಅಂತಿದೆ. ಎಷ್ಟು ಅದು?"

ಯಾವ ಭರಣಿ ಅಂದೆ. ನವಿಲಿಂದು ಅಂದ. ಮೆತ್ತಗೆ ಹೇಳಿದೆ. ಕೇಳಿಸಲಿಲ್ಲ ಅಂದ. ಇನ್ನೊಂದು ಸಲ ಹೇಳಿದೆ. ರೈಲಿನ ಗಾಜಿನೊಳಗೆ ನೆಟ್‌ವರ್ಕ್ ಬರ್ತಾ ಹೋಗ್ತಾ ಇತ್ತು. ನೂರಾ ಎಪ್ಪತ್ತೆಂಟಾ, ನೂರಾ ಅರವತ್ತೇಳಾ ಅಂತ ತಾನೇ ಹರಾಜು ಕೂಗತೊಡಗಿದ. ಮೊದಲೇ ತಡವಾಗಿ ತಲೆ ಕೆಟ್ಟಿತ್ತು, ನನ್ನ ಗಂಟಲು ಎತ್ತರಕ್ಕೆ ಹೋಯಿತು.

"ನೂರಾ ಅರವತ್ತೆಂಟು ಕಣೋ. ನವಿಲಿನ ಭರಣಿ, ಅಸಲು ನೂರಾ ಅರವತ್ತೆಂಟು. ಇನ್ನೂರೈವತ್ತು ಹೇಳು, ಇನ್ನೂರಿಪ್ಪತ್ತಕ್ಕೆ ಬಿಡು."

ಇಡೀ ಬೋಗಿ ನನ್ನ ಕಡೆ ತಿರುಗಿತು. ತಾರಸಿಯ ಮೇಲಿನ ಹೆಂಗಸೂ ಈ ಕಡೆ ನೋಡಿದ ಹಾಗಾಯಿತು. ಮೂವತ್ತನಾಲ್ಕು ವರ್ಷ ಹೆಂಡತಿಗೂ ಹೇಳದ ಗುಟ್ಟು. ಹೋಗಲಿ, ಇವರಲ್ಲಿ ಯಾರಿಗೆ ಬೇಕು ಭರಣಿಯ ಅಸಲು ಅಂತ ಸಮಾಧಾನ ಮಾಡಿಕೊಂಡೆ.

ಆ ಕಡೆ ಯಾರೋ ಏನೋ ಹೇಳಿದ ಹಾಗಾಯಿತು. ಆಮೇಲೆ ಭಾಮೈದನ ದನಿ.

"ಬಾವ, ಸರಿಯಾಗಿ ಕೇಳಿಸ್ತಿಲ್ಲ ಅಂತ ನಾನು ಸ್ಪೀಕರ್ ಹಾಕಿದ್ದೆ. ಅವರು ನೂರಾ ಅರವತ್ತೆಂಟೇ ಕೊಡ್ತಾರಂತೆ."

ಹಿಂದಿನ ಸ್ಟೇಷನ್ನಿನವಳು

ಹತ್ತಾಗಿತ್ತು. ಮಾತಾಡಿ ಮಾತಾಡಿ ಗುಲಾಬಿ ಹಿರಿಯರು ಸುಸ್ತಾಗಿ ಕಂಬ ಹಿಡಿದುಕೊಂಡರು. ಶುಗರ್ ಇದೆ, ಬೆಳಿಗ್ಗೆ ತಿಂಡಿ ತಿಂದಿಲ್ಲ ಅಂದರು. ಸೀಟು ಬಿಟ್ಟುಕೊಟ್ಟು ಕೂರಿಸಿದೆವು. ಯಾರ ಹತ್ತಿರಾನೂ ಒಂದು ಬಿಸ್ಕತ್ತೂ ಇಲ್ಲ.

ನನ್ನ ಎದುರು ಸೀಟಿನಲ್ಲಿ ಇಬ್ಬರು ಅಕ್ಕತಂಗಿಯರು ಕೂತಿದ್ದರು. ಬನಶಂಕರಿಯಲ್ಲಿ ಹತ್ತಿದವರು. ಹಣೆಯಲ್ಲಿ ಅಮ್ಮನವರ ಕುಂಕುಮ, ಮಡಿಲಲ್ಲಿ ಹೂವಿನ ಬುಟ್ಟಿ. ತಂಗಿಗೆ ಅರವತ್ತೈದಿರಬಹುದು, ಅಕ್ಕನಿಗೆ ಎಪ್ಪತ್ತರ ಮೇಲೆ. ತಂಗಿ ಬುಟ್ಟಿಯಿಂದ ಒಂದು ಡಬ್ಬಿ ತೆಗೆದರು. ಮುಚ್ಚಳ ತೆಗೆದದ್ದೇ ತಡ, ಪುಳಿಯೋಗರೆ ವಾಸನೆ ಬೋಗಿಯ ಆ ಕೊನೆಯವರೆಗೂ ಹೋಯಿತು. ಅಲ್ಲಿವರೆಗೆ ಫೋನಿನಲ್ಲಿ ಮುಳುಗಿದ್ದವರೆಲ್ಲ ತಲೆ ಎತ್ತಿದರು.

ಚೂಡಿದಾರ್ ಹಾಕಿದ್ದ ಒಬ್ಬ ಮೇಡಂ ಮಾತ್ರ ಬಾಗಿಲ ಪಕ್ಕದ ಬೋರ್ಡು ತೋರಿಸಿದರು. ರೈಲಿನೊಳಗೆ ತಿನ್ನುವಂತಿಲ್ಲ, ದಂಡ ಹಾಕ್ತಾರೆ ಅಂದರು. ಬೇಕಾದರೆ ಆ ಹಿರಿಯರೊಬ್ಬರು ತಿನ್ನಲಿ, ಪಾಪ, ಆದರೆ ಎಲ್ಲರಿಗೂ ಹಂಚೋದು ಸರಿಯಲ್ಲ, ನಿಯಮ ಅಂದರೆ ನಿಯಮ ಅಂತ ಮೆಲುದನಿಯಲ್ಲೇ ಹೇಳಿದರು.

ಮೂಲೆಯಲ್ಲಿದ್ದ ಅಕ್ಕ ಪಟ್ಟನೆ ಉತ್ತರ ಕೊಟ್ಟರು.

"ಬನಶಂಕರಮ್ಮನ ಪ್ರಸಾದ ಕಣಮ್ಮ. ಹಂಚಬೇಡ ಅನ್ನೋದಾದ್ರೆ ಅವಳಿಗೇ ಹೋಗಿ ಹೇಳು. ದೂರ ಏನಿಲ್ಲ, ಹಿಂದಿನ ಸ್ಟೇಷನ್ನಲ್ಲೇ ಇದಾಳೆ."

ಕೈಗಳೆಲ್ಲ ಮುಂದೆ ಬಂದವು. ಆದರೆ ಹಂಚೋಕೆ ಸೌಟಿಲ್ಲ. ತಂಗಿ ನನ್ನ ಚೀಲದ ಕಡೆ ನೋಡಿ, ನಿಮ್ಮ ಚೀಲದಲ್ಲಿ ಏನೋ ಕಿಣಿಕಿಣಿ ಅಂತಿದೆಯಲ್ಲ, ಬಟ್ಟಲಿದ್ದರೆ ಕೊಡಿ ಅಂದರು. ಒಂದು ಭರಣಿ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು, ತಿರುಗಿಸಿ ತಳ ನೋಡಿದರು, ಗೆಣ್ಣಿನಿಂದ ಟಣ್ ಅಂತ ತಟ್ಟಿದರು, ಸೀರೆ ಸೆರಗಿನಿಂದ ಒರೆಸಿದರು. ಪಾತ್ರೆಯ ಮರ್ಯಾದೆ ಗೊತ್ತಿರೋ ಹೆಂಗಸು ಅಂತ ನನಗೆ ಖುಷಿಯಾಯಿತು. ತಲೆಗೊಂದು ಭರಣಿಯ ಅಳತೆಯಲ್ಲಿ, ಹೆಚ್ಚಿಲ್ಲ ಕಡಿಮೆಯಿಲ್ಲ, ಹದಿನಾರು ಜನಕ್ಕೆ ಹಂಚಿದರು. ಹಿರಿಯರ ಮುಖಕ್ಕೆ ಬಣ್ಣ ಬಂತು, ಸಿಗ್ನಲ್ ಬಗ್ಗೆ ಮತ್ತೆ ಶುರು ಮಾಡುವಷ್ಟು.

ಚೂಡಿದಾರ್ ಮೇಡಂ ಕೂಡ ತಗೊಂಡರು. ಎರಡನೇ ಸಲವೂ ಕೈ ಒಡ್ಡಿದರು. ಎರಡನೇ ಸಲ ಮಾತ್ರ ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದರು.

ಪುಕ್ಕಟೆ ಗುಟ್ಟು

ಹತ್ತು ಹನ್ನೆರಡು. ಜಯನಗರದ ಮೇಡಮ್ಮಿಗೆ ತಡವಾಗುತ್ತೆ ಅಂತ ಹೇಳೋಣ ಅಂದುಕೊಂಡು ಫೋನ್ ತೆಗೆದೆ. ಅವರ ಹೆಸರನ್ನು 'ಭೀಮರಥ ಮೇಡಂ' ಅಂತ ಹಾಕಿಕೊಂಡಿದ್ದೆ. ಒತ್ತಿದೆ.

ಎದುರು ಸೀಟಿನಲ್ಲಿ, ಹೂವಿನ ಬುಟ್ಟಿಯೊಳಗೆ, ಗಂಟೆ ಬಾರಿಸಿದ ಹಾಗೆ ಫೋನ್ ಹೊಡೆದುಕೊಂಡಿತು.

ನನ್ನ ಕೈ ನನಗಿಂತ ಚುರುಕು. ತಕ್ಷಣ ಕಟ್ ಮಾಡಿ ಫೋನನ್ನು ಚೀಲದ ಕೆಳಗೆ ಸೇರಿಸಿದೆ. ತಂಗಿ ಬುಟ್ಟಿಗೆ ಕೈಹಾಕಿ ಫೋನ್ ತೆಗೆಯುವಷ್ಟರಲ್ಲಿ ನಾನು ಕಿಟಕಿಯಾಚೆ ಒಣಹಾಕಿದ ಬಟ್ಟೆ ಎಣಿಸ್ತಾ ಇದ್ದೆ. ಅವರು ಫೋನ್ ನೋಡಿ, ಕನ್ನಡಕ ಸರಿ ಮಾಡಿಕೊಂಡು, ಪಕ್ಕದಲ್ಲಿದ್ದವರಿಗೆ, ನಮ್ಮಕ್ಕಂಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡ್ತೀನಿ, ಏನೂ ತಿಳ್ಕೋಬೇಡಿ ಅಂದರು. ಆಮೇಲೆ ಅಕ್ಕನ ಕಿವಿಗೆ ಬಾಗಿದರು. ಮಾತು ಮಾತ್ರ ನನ್ನ ತನಕ ಸ್ಪಷ್ಟವಾಗಿ ಬಂತು.

"ಅಕ್ಕಾ, ಆ ಪಾತ್ರೆಯವರದ್ದು ಫೋನು. ತಡ ಆಗತ್ತೆ ಅನ್ನೋಕಿರಬೇಕು. ಇನ್ನೂರರ ಮೇಲೆ ಒಂದು ರೂಪಾಯಿ ಕೇಳಿದ್ರೂ ಕಾಫಿ ಕೊಟ್ಟು ಕಳಿಸಿಬಿಡೋಣ. ಮಾರ್ಕೆಟ್ಟಿನವರು ಅಷ್ಟಕ್ಕೆ ಆಗಲೇ ಒಪ್ಪಿದಾರೆ."

"ಆಂ? ಎಷ್ಟು?" ಅಂದರು ಅಕ್ಕ.

"ಇನ್ನೂರು, ಅಕ್ಕಾ. ಇನ್ನೂರು."

ಅಕ್ಕ ಮತ್ತೆ ಆಂ ಅಂದರು. ತಂಗಿ ಬೆರಳು ಎತ್ತಿ ತೋರಿಸಿ ಮೂರನೇ ಸಲ ಹೇಳಿದರು.

ನಾನು ಅಲ್ಲಾಡಲಿಲ್ಲ. ಒಳಗೆ ಮಾತ್ರ ಮೀಸೆ ತಿರುವಿಕೊಂಡೆ. ಇನ್ನೂರ ಅರವತ್ತು ಅಂತ ಬಾಯಿಬಿಟ್ಟಿದ್ದರೆ ಕಾಫಿ ಕುಡಿದು ವಾಪಸ್ಸು ಬರಬೇಕಾಗುತ್ತಿತ್ತು. ಈಗ ಅವರ ಕೊನೆಯ ಮೆಟ್ಟಿಲು ಎಲ್ಲಿದೆ ಅಂತ ನನಗೆ ಗೊತ್ತು, ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಗಿರಾಕಿಯ ಮನಸ್ಸು ಕಂಡುಹಿಡಿಯೋಕೆ ನಾನು ಎಷ್ಟು ಕಾಫಿ, ಎಷ್ಟು ಬಾದಾಮಿ ಹಾಲು ಖರ್ಚು ಮಾಡಿದೀನೋ ಲೆಕ್ಕವಿಲ್ಲ. ಇವತ್ತು ಗಿರಾಕಿಯೇ ತನ್ನ ಗುಟ್ಟನ್ನು ಮೂರು ಸಲ ಹೇಳಿ, ಮೇಲೆ ಪುಳಿಯೋಗರೆಯನ್ನೂ ಕೊಟ್ಟಿದ್ದರು.

ನಾಲ್ಕು ಅಡಿ ದೂರದ ಕರೆ

ಹತ್ತು ಇಪ್ಪತ್ತಾದರೂ ರೈಲು ಅಲ್ಲಾಡಲಿಲ್ಲ. ಈಗ ನನಗೆ ಇನ್ನೊಂದು ತಲೆನೋವು. ಎದ್ದು ನಿಂತು ನಾನೇ ಅವನು ಅಂದರೆ, ಇಷ್ಟು ಹೊತ್ತು ಕೂತು ಕೇಳಿಸಿಕೊಂಡೆ ಅಂತಾಗುತ್ತೆ. ಸುಮ್ಮನಿದ್ದರೆ ರಾಹುಕಾಲ ಬರುತ್ತೆ, ಅದು ಮುಗಿದರೆ ಮಾರ್ಕೆಟ್ಟಿನವನು ಬರ್ತಾನೆ, ಇನ್ನೂರು ಅನ್ನೋ ಗುಟ್ಟನ್ನು ನಾನು ಮನೆಗೆ ಹೋಗಿ ಉಪ್ಪಿನಕಾಯಿ ಹಾಕ್ಕೋಬೇಕು.

ಒಂದು ದಾರಿ ಹೊಳೆಯಿತು. ಎದ್ದು ಬಾಗಿಲ ಕಡೆ ಮುಖ ಮಾಡಿ ನಿಂತು, ಆಗ ತಾನೇ ನೆನಪಾದವನ ಹಾಗೆ, ಮತ್ತೆ ಅವರ ನಂಬರ್ ಒತ್ತಿದೆ. ಗಂಟೆ ಬಾರಿಸಿತು. ಈ ಸಲ ಅವರು ಎತ್ತಿದರು. ಮೇಡಂ, ನಾನು ಪಾತ್ರೆ ಅಂಗಡಿಯವನು, ರೈಲಿನಲ್ಲಿ ಸಿಕ್ಕಿಕೊಂಡಿದೀನಿ ಅಂದೆ. ಅಯ್ಯೋ ಹೌದಾ, ನಾವೂ ರೈಲಲ್ಲೇ ಸಿಕ್ಕಿಕೊಂಡಿದೀವಿ ಅಂದರು. ನೀವು ಯಾವ ಕಡೆ ಅಂದೆ. ಬನಶಂಕರಿ ದಾಟಿ ನಿಂತಿದೀವಿ ಅಂದರು. ನಾನೂ ಅಲ್ಲೇ ಅಂದೆ. ಎಂಥಾ ವಿಚಿತ್ರ ನೋಡಿ ಅಂತ ಅವರು, ನಿಜಕ್ಕೂ ಅಂತ ನಾನು. ಇಬ್ಬರ ಮಾತೂ ಒಂದು ಸಲ ಫೋನಿನಲ್ಲಿ, ಒಂದು ಸಲ ಗಾಳಿಯಲ್ಲಿ ಕೇಳಿಸ್ತಾ ಇತ್ತು.

ಹುಬ್ಬಳ್ಳಿಯ ಯುವಕ ಎಷ್ಟು ಹೊತ್ತು ಅಂತ ತಡೆದುಕೊಳ್ತಾನೆ?

"ಅಂಕಲ್, ಕರೆನ್ಸಿ ಯಾಕ ಖರ್ಚು ಮಾಡ್ತೀರಿ? ನಿಮ್ಮ ಬೆನ್ನ ಹಿಂದ ಕುಂತಾರಲ್ರಿ ಆಂಟಿ."

ತಿರುಗಿದೆ. ಕಣ್ಣರಳಿಸಿದೆ. ಅವರೂ ಕಣ್ಣರಳಿಸಿ ಎದೆ ಮೇಲೆ ಕೈಯಿಟ್ಟುಕೊಂಡರು. ನೋಡಿದವರು, ಇಬ್ಬರಿಗೂ ನಿಜವಾಗಿಯೇ ಆಶ್ಚರ್ಯವಾಗಿದೆ ಅನ್ನಬೇಕು, ಹಾಗೆ.

ಹತ್ತು ಇಪ್ಪತ್ತನಾಲ್ಕು. ಮುಹೂರ್ತ ನೋಡಿಕೊಳ್ಳುವ ಕೆಲಸ ಗುಲಾಬಿ ಹಿರಿಯರು ತಾವಾಗಿಯೇ ವಹಿಸಿಕೊಂಡು, ವಾಚು ಹಿಡಿದು ನಿಂತರು. ಮನಸ್ಸಿನಲ್ಲಿದ್ದದ್ದು ಇನ್ನೂರು, ಬಾಯಲ್ಲಿ ಬಂದದ್ದು ಇನ್ನೂರಿಪ್ಪತ್ತೈದು. ಕೇಳಿದ ಬೆಲೆಗೇ ನಿಲ್ಲೋದು ನಮ್ಮ ಕಸುಬಿಗೆ ಅವಮಾನ. ಅವರು ನೂರ ಎಪ್ಪತ್ತೈದು ಅಂದರು. ನಾನು ಸ್ಯಾಂಪಲ್ ವಾಪಸ್ಸು ಚೀಲಕ್ಕೆ ಹಾಕಿದೆ. ಅವರು ಹೂವಿನ ಬುಟ್ಟಿ ಸರಿ ಮಾಡಿಕೊಂಡರು. ಚೀಲದಿಂದ ಮತ್ತೆ ತೆಗೆದು ಇನ್ನೂರ ಹದಿನೈದು ಅಂದೆ. ಅವರು ನೂರ ಎಂಬತ್ತೈದು ಅಂದರು. ಬೋಗಿ ಎರಡು ಪಕ್ಷವಾಯಿತು. ಹತ್ತು ರೂಪಾಯಿ ಬಿಡ್ರಿ ಅಂಕಲ್ ಅಂತ ಯುವಕ. ಅಷ್ಟು ಕಡಿಮೆಗೆ ಹಿತ್ತಾಳೆ ಎಲ್ಲಿ ಬರುತ್ತೆ ಅಂತ ಚೂಡಿದಾರ್ ಮೇಡಂ. ಪುಣ್ಯಾತ್ಗಿತ್ತಿ, ಅವರು ನನ್ನ ಕಡೆ.

ಕೊನೆಗೆ ನಾನು ದೊಡ್ಡ ಉಸಿರು ಬಿಟ್ಟು, ತಲೆ ಕೊಡವಿ, "ಇನ್ನೂರು ಮೇಡಂ. ಇದು ದೇವಿ ಪ್ರಸಾದ ತಿಂದ ಋಣಕ್ಕೆ. ಇದರ ಕೆಳಗೆ ಬಂದರೆ ನಾನು ಅಂಗಡಿ ಮುಚ್ಚಬೇಕು," ಅಂದೆ.

"ಆಯ್ತು," ಅಂದರು.

ಅಷ್ಟೇ. ಆಯ್ತು. ನನ್ನ ಕಸುಬಿನಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಗಿರಾಕಿ ಗೊಣಗಬೇಕು, ಎದ್ದು ಹೋಗಬೇಕು, ಬಾಗಿಲ ತನಕ ಹೋಗಿ ವಾಪಸ್ಸು ಬರಬೇಕು. ಒಂದೇ ಸಲಕ್ಕೆ ಆಯ್ತು ಅಂದರೆ ಎಲ್ಲೋ ನಾವು ಕಡಿಮೆ ಕೇಳಿದೀವಿ ಅಂತಲೇ ಲೆಕ್ಕ. ಆದರೆ ಅದನ್ನು ಯೋಚಿಸೋಕೆ ಹೊತ್ತಿರಲಿಲ್ಲ. ಅವರು ಆಗಲೇ ಫೋನಿನಲ್ಲಿ ಮುಂಗಡ ಕಳಿಸ್ತಾ ಇದ್ದರು. ನನ್ನ ಫೋನ್ ಟಿಣ್ ಅಂತು.

"ಇನ್ನೂ ಎರಡು ನಿಮಿಷ ಇದೆ," ಅಂದರು ಹಿರಿಯರು ವಾಚು ನೋಡಿ.

ಆವತ್ತು ಬೆಳಗಿನಿಂದ ಅವರು ಹೇಳಿದ ಎರಡು ನಿಮಿಷಗಳಲ್ಲಿ ನಿಜವಾದದ್ದು ಅದೊಂದೇ. ಮಾತು ಮುಗಿಯುವ ಮೊದಲೇ ರೈಲು ಹೊರಟಿತು.

ಡೊಂಕು ಕೊಕ್ಕು

ಮೂರು ವಾರ ಬಿಟ್ಟು ಲಗೇಜ್ ಆಟೋದಲ್ಲಿ ನಾನೂರು ಭರಣಿ ಹಾಕಿಕೊಂಡು, ಜೊತೆಗೆ ಭಾಮೈದನನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಒಳಗೆ ಅಡುಗೆಮನೆಯಲ್ಲಿ ಮಿಕ್ಸಿ ಓಡ್ತಾ ಇತ್ತು. ಮೇಡಂ ವರಾಂಡದಲ್ಲಿ ಪೆಟ್ಟಿಗೆ ಇಡಿಸಿ, ಉಳಿದ ದುಡ್ಡು ತರೋಕೆ ಒಳಗೆ ಹೋದರು. ಅಷ್ಟರಲ್ಲಿ ಭಾಮೈದನ ಕಣ್ಣಿಗೆ ಮೂರು ಭರಣಿ ಬಿತ್ತು. ನವಿಲಿನ ಕೊಕ್ಕು ಸ್ವಲ್ಪ ಡೊಂಕು. ನಾನು ಅವನ ಕಿವಿಯ ಹತ್ತಿರ ಬಾಯಿಟ್ಟು, ಗಾಳಿಗೂ ಕೇಳದ ಹಾಗೆ, ಈ ಮೂರನ್ನೂ ತಳಕ್ಕೆ ಹಾಕು ಅಂದೆ.

ಮಿಕ್ಸಿ ಓಡುತ್ತಲೇ ಇತ್ತು. ಅಡುಗೆಮನೆಯೊಳಗಿಂದ ಅಕ್ಕನ ದನಿ ಬಂತು.

"ಆ ಮೂರನ್ನ ಮೇಲೇ ಇಡಿ. ನಾನೇ ಬಂದು ನೋಡ್ತೀನಿ."

ಭಾಮೈದನ ಕೈಯಿಂದ ಭರಣಿ ಜಾರಿತು. ನನ್ನ ಮನಸ್ಸು ಮೂರು ವಾರ ಹಿಂದಕ್ಕೆ ಓಡಿತು. ಚೂಡಿದಾರ್ ಮೇಡಂ ಮೆಲುದನಿಯಲ್ಲಿ ನಿಯಮ ಹೇಳಿದಾಗ ಪಟ್ಟನೆ ಉತ್ತರ ಕೊಟ್ಟಿದ್ದು ಇದೇ ಅಕ್ಕ. ಅದಾದ ಹತ್ತು ನಿಮಿಷಕ್ಕೆ ಅವರ ಕಿವಿ ಮಂದವಾಗಿತ್ತು, ಅದೂ ಇನ್ನೂರು ಅನ್ನೋ ಒಂದೇ ಮಾತಿಗೆ. ಇಷ್ಟು ವರ್ಷ ಅಂಗಡಿ ನಡೆಸಿದವನಿಗೆ ಅಲ್ಲೇ ಹೊಳೆಯಬೇಕಿತ್ತು.

ದುಡ್ಡು ಹಿಡಿದು ಬಂದ ಮೇಡಂ ನನ್ನ ಮುಖ ನೋಡಿದರು. ಮುಚ್ಚಿಡೋಕೆ ಅವರೂ ಹೋಗಲಿಲ್ಲ.

"ನೀವು ನವಿಲಿನ ಭರಣಿ, ಅಸಲು ನೂರಾ ಅರವತ್ತೆಂಟು ಅಂತ ಕೂಗಿದಾಗಲೇ ನೀವೇ ಅಂತ ಗೊತ್ತಾಯ್ತು. ಮಾಲು ಹೇಗಿದೆ ಅಂತ ನೋಡ್ಬೇಕಿತ್ತು, ಪುಳಿಯೋಗರೆ ಹಂಚೋ ನೆಪದಲ್ಲಿ ನೋಡ್ದೆ. ಇನ್ನೂರೈವತ್ತರ ತನಕ ಇಟ್ಕೊಂಡಿದ್ವಿ. ಮಾರ್ಕೆಟ್ಟಿನವರು ಇನ್ನೂರೆಪ್ಪತ್ತು ಹೇಳಿದ್ರು. ಇಷ್ಟು ವರ್ಷ ಬ್ಯಾಂಕಲ್ಲಿ ಸಾಲ ಕೊಡೋ ಕಡೆ ಕೂತಿದ್ದೆ ನೋಡಿ, ಎದುರಿಗೆ ಕೂತೋರಿಗೆ ಏನು ಕೇಳಿಸಬೇಕೋ ಅದನ್ನ ಮಾತ್ರ ಕೇಳಿಸೋ ಅಭ್ಯಾಸ."

ಸೋತೆ ಮೇಡಂ ಅಂತ ಕೈ ಮುಗಿದೆ. ಅವರು ಬಾಯಿ ತುಂಬ ನಕ್ಕರು. ಅಕ್ಕ ಹೊರಗೆ ಬಂದು, ಡೊಂಕು ಕೊಕ್ಕಿನ ಮೂರನ್ನೂ ಆರಿಸಿ ನನ್ನ ಕೈಗಿಟ್ಟು, ಬದಲು ಕಳಿಸಿ ಅಂದರು. ಹೊರಡುವಾಗ ನಮ್ಮ ಮನೆಯವರಿಗೆ ಅಂತ ಒಳ್ಳೇ ಕೊಕ್ಕಿನ ಒಂದು ಭರಣಿಯಲ್ಲಿ ಕುಂಕುಮ ತುಂಬಿಕೊಟ್ಟರು, ಜೊತೆಗೆ ಒಂದು ಡಬ್ಬಿ ಪುಳಿಯೋಗರೆ.

ಆಟೋದಲ್ಲಿ ಭಾಮೈದ ತಲೆ ತಗ್ಗಿಸಿ ಕೂತಿದ್ದ. ಎಲ್ಲ ನನ್ನಿಂದಲೇ ಆಯ್ತು ಬಾವ, ನಾನು ಫೋನ್ ಮಾಡದಿದ್ದರೆ ನೀವು ಕೂಗ್ತಿರಲಿಲ್ಲ, ಒಂದಕ್ಕೆ ಬರೀ ಮೂವತ್ತೆರಡು ರೂಪಾಯಿ ಉಳಿಯೋ ಹಾಗಾಯ್ತು ಅಂತ ಕಣ್ಣು ಒರೆಸಿಕೊಂಡ. ನಾನು ಅವನ ಬೆನ್ನು ತಟ್ಟಿದೆ, ಏನೂ ಹೇಳಲಿಲ್ಲ.

ಹೇಳೋಕಾಗೋದಿಲ್ಲ. ನಮ್ಮ ಭಾಮೈದನ ಮನಸ್ಸು ಬಹಳ ಮೃದು. ಯಾರಾದರೂ ಬಂದು, ಅಂಗಡಿ ಎಷ್ಟು ಚೆನ್ನಾಗಿದೆ ಅಂದರೆ ಸಾಕು, ಚೀಟಿಯಲ್ಲಿರೋ ಅಸಲಿಗೇ ಕೊಟ್ಟು ಕಳಿಸ್ತಾನೆ. ಅದಕ್ಕೇ ಹನ್ನೊಂದು ವರ್ಷದಿಂದ ಚೀಟಿಯ ಮೇಲೆ ನಾನು ಬರೆಯೋದು ನಿಜವಾದ ಅಸಲಲ್ಲ. ಅದಕ್ಕೆ ಒಂದಿಷ್ಟು ಸೇರಿಸಿ ಬರೀತೀನಿ. ರೈಲಿನಲ್ಲಿ ನಾನು ಕೂಗಿ ಹೇಳಿದ ನೂರಾ ಅರವತ್ತೆಂಟೂ ಅದೇ. ಮೇಡಂ ಕದ್ದು ಕೇಳಿದ್ದು ನನ್ನ ಗುಟ್ಟನ್ನಲ್ಲ, ಭಾಮೈದನಿಗೋಸ್ಕರ ಇಟ್ಟಿದ್ದ ಗುಟ್ಟನ್ನು. ನವಿಲಿನ ಭರಣಿಯ ನಿಜವಾದ ಅಸಲು ನೂರಾ ನಲವತ್ತೊಂದು.

ಹಾಗಾಗಿ ಸಿಗ್ನಲ್ ಕೆಟ್ಟ ಆ ಶುಕ್ರವಾರದಿಂದ ಬಂದದ್ದು ಇಷ್ಟು. ನಾನೂರು ಭರಣಿಗೆ ತಲಾ ಐವತ್ತೊಂಬತ್ತರಂತೆ ಇಪ್ಪತ್ತಮೂರು ಸಾವಿರದ ಆರುನೂರು. ಸ್ಪೀಕರಿನಲ್ಲಿ ಮಾರಿದ ಒಂದಕ್ಕೆ ಇಪ್ಪತ್ತೇಳು. ಒಂದು ಡಬ್ಬಿ ಪುಳಿಯೋಗರೆ. ಇನ್ನೂರಕ್ಕೆ ಮಾರಿದ ನನ್ನದೇ ಒಂದು ಭರಣಿ ಪುಕ್ಕಟೆಯಾಗಿ ವಾಪಸ್ಸು, ತುಂಬ ಕುಂಕುಮದ ಸಮೇತ. ಮತ್ತೆ ಡೊಂಕು ಕೊಕ್ಕಿನ ಮೂರು ನವಿಲು. ಅವನ್ನು ಭಾಮೈದ ಆವತ್ತೇ ಸಂಜೆ ಮಾರಿದ, ಪಾಪ, ಅಸಲಿಗೇ.